ಅನ್ನದ ಮುದ್ದೆಯೊಳಗಿನ ಸೂಜಿ

ಚಿತ್ತವಾಡ್ಗಿಯ ಓಣಿಗೆ ಕಸದ ಗಾಡಿ ಬಂತೆಂದರೆ ಹೊಳೆಮ್ಮನಿಗೆ ಎಲ್ಲಿಲ್ಲದ ಗಡಿಬಿಡಿ. ಹಳಸಿದ ಅನ್ನ, ಹಾಲಿನ ಕವರು, ರಟ್ಟು, ಎಲ್ಲವೂ ಒಂದೇ ಬುಟ್ಟಿಗೆ. ಸಕ್ಕರೆ ಕಾಯಿಲೆಗೆ ದಿನಾ ಚುಚ್ಚಿಕೊಳ್ಳುವ ಸೂಜಿಗಳನ್ನು ಮಾತ್ರ ಅನ್ನದ ಮುದ್ದೆಯೊಳಗೆ ಹುಗಿಯುತ್ತಿದ್ದಳು. ಮೊಮ್ಮಕ್ಕಳ ಕೈಗೆ ಸಿಗಬಾರದಲ್ಲ! ಪಾಪ, ಅವಳಿಗೆ ಅದೇ ದೊಡ್ಡ ಜಾಣತನ.

ಪಕ್ಕದ ಮನೆಯ ದುರ್ಗಕ್ಕ ಊರಿನ ಕಸ ವಿಂಗಡಿಸುವ ಘಟಕಕ್ಕೆ ಕೆಲಸಕ್ಕೆ ಹೋಗುವವಳು. ಬಾಯಿ ನೋಯುವಷ್ಟು ಹೇಳಿದ್ದಳು.

“ಹಸಿ ಕಸ, ಒಣ ಕಸ ಬ್ಯಾರೆ ಮಾಡಿ ಕೊಡವ್ವ.”

“ಹೋಗ್ ಹೋಗ! ಗಾಡ್ಯಾಗ ಹೋದ ಮ್ಯಾಲೆ ಎಲ್ಲಾ ಒಂದಾ ಆಗ್ತದ.”

“ಇಲ್ಲವ್ವ. ದೇಶದಾಗೆಲ್ಲಾ ಇದಾ ಪದ್ಧತಿ. ಹಸಿ ಕಸ ಗೊಬ್ಬರಕ್ಕ, ರಟ್ಟು-ಪ್ಲಾಸ್ಟಿಕ್ಕು ಕಾರ್ಖಾನಿಗೆ. ನೀವು ಬೆರೆಸಿದ್ರ ನಾವು ಕೈಲೆ ಆರಿಸ್ಬೇಕು.”

ಹೊಳೆಮ್ಮ ಕೇಳಿದರೆ ತಾನೆ?

ಅದೊಂದು ದಿನ ದುರ್ಗಕ್ಕ ಕೆಲಸಕ್ಕೆ ಹೋಗದೆ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು. ಬೆರಳಿಗೆ ಪಟ್ಟಿ, ಮುಖ ಬಿಳಿಚಿಕೊಂಡಿತ್ತು.

“ಏನಾತ ದುರ್ಗಕ್ಕ?” ಹೊಳೆಮ್ಮ ಕೇಳಿದಳು.

“ನಮ್ಮ ಓಣಿ ಕಸ ಆರಿಸ್ತಿದ್ದೆ. ಅನ್ನದ ಮುದ್ದ್ಯಾಗಿದ್ದ ಸೂಜಿ ಗ್ಲೌಸ್ ತೂರಿ ಚುಚ್ಚಿತು. ಆಮ್ಯಾಲೆ ಬ್ಯಾರೆ ಕವರಿನ್ಯಾಗಿದ್ದ ಇನ್ನೊಂದು ಸೂಜಿನೂ ಚುಚ್ಚಿತು. ಸೂಜಿಯಿಂದ ರೋಗ ಬರಬಾರದಂತ ಗುಳಿಗಿ ಕೊಟ್ಟಾರ, ನುಂಗಿದ್ರ ವಾಂತಿ. ರಕ್ತದ ರೋಗ ಹತ್ತೇತೋ ಇಲ್ಲೋ, ತಿಳಿಯಾಕ ತಿಂಗಳುಗಟ್ಲೆ ಕಾಯ್ಬೇಕಂತ. ಯಾರ ಸೂಜಿ ಅಂತ ಗೊತ್ತಾದ್ರ ಅವರ ರಕ್ತ ನೋಡಬಹುದು ಅಂತಾರ ಡಾಕ್ಟ್ರು. ಯಾರನ್ನ ಕೇಳ್ಲಿ? ನಂಗ ಭಾಳ ಹೆದರಿಕಿ ಆಗೇತವ್ವ.”

ಅನ್ನದ ಮುದ್ದೆ ಎಂದೊಡನೆ ಹೊಳೆಮ್ಮನಿಗೆ ತನ್ನ ಬುಟ್ಟಿ ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮುಖ ನೋಡಿಕೊಂಡು ಸುಮ್ಮನಿರುವುದು ಹೇಗೆ?

“ಅನ್ನದಾಗಿಂದು ನಂದಾ. ನಾನಾ ಹುಗಿದಿದ್ದೆ. ನಡಿ, ಆಸ್ಪತ್ರಿಗೆ ಹೋಗೂಣು” ಎಂದು ದುರ್ಗಕ್ಕನ ಕೈ ಹಿಡಿದು ಗೊಳೋ ಎಂದು ಅತ್ತಳು.

ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಹೊಳೆಮ್ಮನ ರಕ್ತದಲ್ಲಿ ಅಂಟುವ ರೋಗ ಯಾವುದೂ ಇರಲಿಲ್ಲ. ಅವಳ ಮನೆಯಲ್ಲಿ ಈಗ ಎರಡು ಬುಟ್ಟಿ, ಸೂಜಿಗೊಂದು ಗಟ್ಟಿ ಮುಚ್ಚಳದ ಡಬ್ಬಿ. ಬೆರೆಸಿದರೆ ಸೊಸೆಗೂ ಗಂಡನಿಗೂ ಬೈಗುಳ ತಪ್ಪದು. ಆದರೆ ದುರ್ಗಕ್ಕನ ಗುಳಿಗೆ ನಿಂತಿಲ್ಲ. ಇನ್ನೊಂದು ಸೂಜಿ ಯಾರದೆಂದು ಇವತ್ತಿನವರೆಗೂ ಯಾರೂ ಬಾಯಿ ಬಿಟ್ಟಿಲ್ಲ.

ಅಕ್ಕ-ಅಣ್ಣಂದಿರೇ, ಅದು ನಮ್ಮ ಮನೆಯದಲ್ಲ ಎಂದು ನೀವು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ? ಹಸಿ ಕಸ, ಒಣ ಕಸ ಬೇರೆ ಬೇರೆ ಇಡಿ. ಸೂಜಿ, ಬ್ಲೇಡು, ಒಡೆದ ಗಾಜನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿ, ಒಳಗೇನಿದೆ ಎಂದು ಗಾಡಿಯವರಿಗೆ ಹೇಳಿ, ಬೇರೆಯಾಗಿ ಕೊಡಿ. ನೀವು ಎಸೆದದ್ದನ್ನು ನಾಳೆ ಬಿಚ್ಚುವವಳಿಗೂ ಜೀವ ಇದೆ.