ಕೂದಲೆಳೆಯಷ್ಟು ಹಿಂದಕ್ಕೆ

ತೋಡಿದಷ್ಟೂ ನೀರು ಒಸರುತ್ತಿತ್ತು. ಆಟಿ ತಿಂಗಳ ಮಳೆ ಬೆಳಿಗ್ಗೆಯಿಂದ ತುಸು ಬಿಟ್ಟಿದ್ದರೂ ಮಸೀದಿಯ ಹಿಂದಿನ ಕೆಂಪು ಮಣ್ಣು ಒಳಗಿನಿಂದಲೇ ನೆನೆದಿತ್ತು. ನಿಝಾರ್ ಗುಂಡಿಯ ಅಂಚಿನಲ್ಲಿ ನಿಂತು ಬಕೆಟಿನಲ್ಲಿ ಕೆಸರುನೀರು ಎತ್ತಿ ಚೆಲ್ಲುತ್ತಿದ್ದ. ರಸ್ತೆಯಾಚೆಯ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಬಗ್ಗಿದ ಬೆನ್ನು ಎತ್ತಿರಲಿಲ್ಲ. ತೋಡುತ್ತಿದ್ದ ಕಬರು ಅವನ ತಂದೆ ಮೊಯಿದಿನಬ್ಬನವರದು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ಶೆಡ್ಡಿನಲ್ಲಿ ಆಯುಷ್ಯವೆಲ್ಲ ಪಂಪಿನ ಎಂಜಿನ್ ರಿಪೇರಿ ಮಾಡಿದ ಮನುಷ್ಯ, ಕೊನೆಯ ಮೂರು ವರ್ಷ ಶೆಡ್ಡಿನ ಕಡೆ ತಲೆ ಹಾಕದೆ ಮನೆಯ ಜಗಲಿಯಲ್ಲಿ ಕೂತು ತೀರಿಹೋಗಿದ್ದರು.

ಉಮ್ಮ, ಅವನ ತಾಯಿ ರುಕಿಯಾ, ಕರೆಯುತ್ತಿದ್ದಾರೆಂದು ಮನೆಯಿಂದ ಯಾರೋ ಬಂದು ಹೇಳಿದರು. ನಿಝಾರ್ ಕೈ ತೊಳೆದುಕೊಂಡು ಮನೆಗೆ ನಡೆದ.

ಮಯ್ಯತ್ತನ್ನು ಮೀಯಿಸಿ ಬಿಳಿ ಬಟ್ಟೆ ಹೊದೆಸಿ ಆಗಿತ್ತು. ಅಂಗಳದ ಚಪ್ಪರದಡಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಕೂತಿದ್ದರು. ಪುತ್ತಿಗೆಯಿಂದ ಬಂದ ರಿಕ್ಷಾದ ಚನಿಯಪ್ಪ ಮೆಲುದನಿಯಲ್ಲಿ ಹಳೆಯ ಕಾಲದ್ದು ಹೇಳುತ್ತಿದ್ದ.

"ರಸ್ತೆಯಲ್ಲಿ ಹೋಗುವ ಎಂಜಿನ್ ಕೆಮ್ಮಿದರೆ ನಮ್ಮ ಮೊಯಿದಿನಬ್ಬ ಬ್ಯಾರಿಗಳಿಗೆ ಕೂತಲ್ಲಿಗೆ ಕೇಳ್ತಿತ್ತು ಮಾರಾಯ. ಮನೆಯಲ್ಲಿ ರುಕಿಯಕ್ಕ ಬೈದದ್ದು ಮಾತ್ರ ಆಗಲೂ ಕೇಳ್ತಿರಲಿಲ್ಲ."

ಒಂದಿಬ್ಬರು ನಕ್ಕರು. ಪಕ್ಕದಲ್ಲಿದ್ದ ಡೊಂಬಯ್ಯ ನಗಲಿಲ್ಲ. ಅವನ ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗೆ ಕೂಡಿಕೊಂಡು ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವನು, ಆ ಕೈ ಮುರಿದ ಮೇಲೆ ಮರ ಮುಟ್ಟಿರಲಿಲ್ಲ.

ರುಕಿಯಾ ಬಾಗಿಲ ಹಿಂದೆ ನಿಂತು ಮಗನಿಗೆ ಹೇಳಿದರು: "ಮಯ್ಯತ್ತಿನ ಸಂದೂಕ ಎತ್ತುವ ಮೊದಲು ಡೊಂಬಯ್ಯನ ಹತ್ತಿರ ಕ್ಷಮೆ ಕೇಳು. 'ನನ್ನ ಕೈಯಿಂದ ಅವನ ಕೈ ಹೋಯ್ತು' ಅಂತ ನಿನ್ನೆಯೂ ಹೇಳಿದ್ದಾರೆ ನಿನ್ನ ಬಾಪ. ಅವನು ಕ್ಷಮಿಸಿ ಬಿಡದೆ ಇವರನ್ನು ಹೊರಗೆ ಕಳಿಸುವುದಿಲ್ಲ ನಾನು."

ಮಸೀದಿಯಲ್ಲಿ ನಮಾಜಿಗೆ ಮೊದಲು ಎಲ್ಲರ ಹತ್ತಿರ ಕ್ಷಮೆ ಕೇಳುವುದು ಇದ್ದೇ ಉಂಟಲ್ಲ ಎಂದ ನಿಝಾರ್. ಡೊಂಬಯ್ಯ ಮಸೀದಿಯ ಒಳಗೆ ಬರುತ್ತಾನೆಯೇ ಎಂದು ತಾಯಿ ತಿರುಗಿ ಕೇಳಿದರು. ಮಗನಿದ್ದಾನಲ್ಲ, ಅವನೇ ಇಲ್ಲಿ ಕೇಳಲಿ, ಅದೇ ಸರಿ ಎಂದರು ಪಕ್ಕದಲ್ಲಿದ್ದ ಮಸೀದಿಯ ಉಸ್ತಾದರು.

*

ಮೂರು ವರ್ಷದ ಹಿಂದೆ ಡೊಂಬಯ್ಯ ಶೆಡ್ಡಿಗೆ ತಂದದ್ದು ನೀರಿನ ಪಂಪಿನ ಹಳೆಯ ಪೆಟ್ರೋಲ್ ಎಂಜಿನ್. ಅದರ ಚಕ್ರ ಬೇರೆ ಯಾವುದೋ ಎಂಜಿನ್ನಿನದು. ಕಿಡಿ ಯಾವಾಗ ಹಾರಬೇಕೆಂದು ತೋರಿಸುವ ಗುರುತು ಅದರಲ್ಲಿ ಇರಲಿಲ್ಲ. ಇಂಥವಕ್ಕೆ ಮೊಯಿದಿನಬ್ಬ ಪ್ಲಗ್ಗಿನ ತೂತಿನಲ್ಲಿ ಸೈಕಲಿನ ಕಡ್ಡಿ ಇಳಿಸಿ ಪಿಸ್ಟನ್ ಮೇಲೆ ಬಂದದ್ದನ್ನು ನೋಡುತ್ತಿದ್ದರು. ಕಿಡಿ ಹಾರಿಸುವ ಪಾಯಿಂಟಿನ ನಡುವೆ ಸಿಗರೇಟ್ ಪ್ಯಾಕಿನ ತೆಳು ಕಾಗದ ಸಿಕ್ಕಿಸಿ, ಕಾಗದ ಸಡಿಲಾಗುವಲ್ಲಿಗೆ ಪಾಯಿಂಟು ಕೂತ ಪ್ಲೇಟು ನಿಲ್ಲಿಸುತ್ತಿದ್ದರು. ಅದಾದ ಮೇಲೆ ಎಂಜಿನ್ ಓಡಿಸಿ, ಕಣ್ಣು ಮುಚ್ಚಿ, ಶಬ್ದ ಕೇಳುತ್ತಾ ಕೂದಲೆಳೆಯಷ್ಟು ಆಚೀಚೆ ಮಾಡುತ್ತಿದ್ದರು. ಕೊನೆಯ ಮಾತು ಕಿವಿಯದು.

ಆ ಕಿವಿ ಮಂದವಾಗಿತ್ತು. ಅದು ಅವರಿಗೆ ತಿಳಿದಿರಲಿಲ್ಲ, ಅಥವಾ ತಿಳಿಯುವುದು ಬೇಡವಾಗಿತ್ತು. ಶಬ್ದ ಸಾಲದೆಂದು ಪ್ಲೇಟನ್ನು ಮುಂದಕ್ಕೇ ತಳ್ಳುತ್ತಿದ್ದರು. ಹಾಗೆ ಬಿಟ್ಟರೆ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಬೆಂಕಿ ಹತ್ತಿ ಚಕ್ರ ಹಿಂದಕ್ಕೆ ಒದೆಯುತ್ತದೆ. ತಂದೆ ಮಧ್ಯಾಹ್ನದ ನಮಾಜಿಗೆ ಹೋದಾಗ ನಿಝಾರ್ ಯಾರಿಗೂ ಹೇಳದೆ ಅದನ್ನು ಹಿಂದಕ್ಕೆ ತಿರುಗಿಸಿಡುತ್ತಿದ್ದ. ಶೆಡ್ಡಿನ ಹೆಸರು ಹಾಗೆ ಉಳಿದಿತ್ತು.

ಆ ದಿನ ಡೊಂಬಯ್ಯನ ಎದುರಿಗೇ ಮಗ ಮೆಲ್ಲಗೆ, ಸ್ವಲ್ಪ ಹೆಚ್ಚಾಯಿತೇನೋ ಬಾಪ, ಎಂದಿದ್ದ. ಮೊಯಿದಿನಬ್ಬ ಸ್ಪ್ಯಾನರ್ ಕೆಳಗಿಟ್ಟು ಡೊಂಬಯ್ಯನ ಕಡೆ ನೋಡಿ ನಕ್ಕರು. "ಇವನಿಗೆ ಕೈ ಕೊಟ್ಟ ದೇವರು ಕಿವಿ ಕೊಡಲಿಲ್ಲ ನೋಡು. ನಾನು ಸತ್ತ ಮೇಲೆ ಇಲ್ಲಿ ಪಂಕ್ಚರ್ ಹಾಕಿ ಬದುಕಬೇಕಷ್ಟೆ." ಡೊಂಬಯ್ಯನೂ ನಕ್ಕಿದ್ದ.

ತಂದೆ ನಮಾಜಿಗೆ ಹೋದರು. ನಿಝಾರ್ ಪ್ಲೇಟು ಮುಟ್ಟಲಿಲ್ಲ. ಎಂಜಿನ್ ಕುಟ್ಟುತ್ತದೆ ಎಂದು ಡೊಂಬಯ್ಯ ವಾಪಸು ತರಲಿ, ಗಿರಾಕಿಯ ಬಾಯಿಂದಲೇ ಬಾಪ ಕೇಳಲಿ ಎಂದುಕೊಂಡ. ತಾನೇ ಹಿಡಿದು ರಿಕ್ಷಾಕ್ಕೆ ಏರಿಸಿ ಕಳಿಸಿದ.

ಎಂಜಿನ್ ವಾಪಸು ಬರಲಿಲ್ಲ. ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ನಿನ ಹಗ್ಗವನ್ನು ಡೊಂಬಯ್ಯ ಅಂಗೈಗೆ ಸುತ್ತಿಕೊಂಡು ಎಳೆದ. ಚಕ್ರ ಹಿಂದಕ್ಕೆ ಒದೆಯಿತು. ಹಗ್ಗ ಕೈ ಬಿಡಲಿಲ್ಲ.

*

ನಿಝಾರ್ ಕುರ್ಚಿಯ ಎದುರು ನಿಂತ.

"ಡೊಂಬಯ್ಯಣ್ಣ, ನಮ್ಮ ಬಾಪನಿಂದ ನಿಮಗೆ ತೊಂದರೆ ಆಗಿದೆ. ಅವರನ್ನು ಕ್ಷಮಿಸಬೇಕು."

ಡೊಂಬಯ್ಯ ತಲೆಯೆತ್ತಿದ.

"ಒಂದು ಕೇಳ್ತೇನೆ, ಸತ್ಯ ಹೇಳು. ಅವರ ಮುಖ ಇಲ್ಲೇ ಉಂಟು. ಅವತ್ತು ಅವರು ಸೆಟ್ ಮಾಡಿ ಹೋದ ಮೇಲೆ ಆ ಎಂಜಿನ್ನಿಗೆ ಬೇರೆ ಯಾರಾದರೂ ಕೈ ಹಾಕಿದ್ದಾರಾ?"

ಬಾಗಿಲ ಹಿಂದೆ ತಾಯಿಯ ಬಳೆ ಸದ್ದಾಯಿತು. ಉಸ್ತಾದರು ನಿಝಾರನ ಮುಖ ನೋಡಿದರು.

"ಇಲ್ಲ," ಎಂದ ನಿಝಾರ್. "ಯಾರೂ ಮುಟ್ಟಲಿಲ್ಲ."

ಡೊಂಬಯ್ಯ ಕುರ್ಚಿಯಿಂದ ಎದ್ದ.

"ಹಾಗಾದರೆ ಅವರ ಕೈಯೇ ತಪ್ಪಿದ್ದು. ನನಗೆ ನಂಬಿಕೆ ಬಂದಿರಲಿಲ್ಲ. ಆ ಕೈ ತಪ್ಪುವುದಿಲ್ಲ, ಮಗನೇ ಏನೋ ತಿರುಗಿಸಿ ಹಾಳು ಮಾಡಿದ್ದಾನೆ ಅಂತ ಇಷ್ಟು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ದಾರಿಯಲ್ಲಿ ಸಿಕ್ಕಿದರೂ ಮುಖ ತಿರುಗಿಸಿ ಹೋಗ್ತಿದ್ದೆ." ಎಡಗೈ ಚಾಚಿ ನಿಝಾರನ ಮೊಣಕೈ ಹಿಡಿದ. "ಬ್ಯಾರಿಗಳನ್ನು ನಾನು ಕ್ಷಮಿಸಿ ಬಿಟ್ಟಿದ್ದೇನೆ. ನನ್ನನ್ನು ನೀನು ಬಿಡು ಮಗಾ."

ನಿಝಾರನ ಬಾಯಿ ತೆರೆಯಿತು. ಅಷ್ಟರಲ್ಲಿ ಒಳಗೆ ರುಕಿಯಾ ಜೋರಾಗಿ ಅತ್ತರು. ಎಷ್ಟು ದೊಡ್ಡ ಮನಸ್ಸು ಎಂದು ಯಾರೋ ಅಂದರು. ಮೋಡ ಕಟ್ಟುತ್ತಿದೆ, ಇನ್ನು ತಡ ಮಾಡುವುದು ಬೇಡ ಎಂದರು ಉಸ್ತಾದರು. ಚನಿಯಪ್ಪ ಕುರ್ಚಿಗಳನ್ನು ಬದಿಗೆ ಸರಿಸಿ ದಾರಿ ಮಾಡಿದ. ತೆರೆದ ಬಾಯಿ ಹಾಗೆಯೇ ಮುಚ್ಚಿತು.

ಸಂದೂಕದ ಮುಂದಿನ ಕೋಲಿಗೆ ನಿಝಾರ್ ಹೆಗಲು ಕೊಟ್ಟ. 'ಲಾ ಇಲಾಹ ಇಲ್ಲಲ್ಲಾಹ್' ಎಂದು ತಹ್ಲೀಲ್ ಹೇಳುತ್ತಾ ಜನ ಓಣಿಗೆ ಇಳಿದಾಗ ಮಳೆ ಹನಿಯಿತು, ನೋಡುತ್ತಿದ್ದಂತೆ ಸುರಿಯಿತು. ಹಿಂದಿನಿಂದ ಡೊಂಬಯ್ಯ ಓಡುನಡಿಗೆಯಲ್ಲಿ ಬಂದು ಪಕ್ಕಕ್ಕೆ ಸೇರಿಕೊಂಡ. ಎಡಗೈಯಲ್ಲಿ ಕೊಡೆ ಇತ್ತು. ಅದನ್ನು ಅವನು ನಿಝಾರನ ತಲೆಯ ಮೇಲೆ ಹಿಡಿದ.

ಬೇಡ ಎನ್ನುವಂತೆ ನಿಝಾರ್ ತಲೆ ಅಲ್ಲಾಡಿಸಿದ. ಡೊಂಬಯ್ಯ ಕೊಡೆ ಸರಿಸಲಿಲ್ಲ. ಹೆಗಲ ಮೇಲೆ ಭಾರವಿತ್ತು, ಓಣಿ ಸಣ್ಣದು, ಅತ್ತ ಸರಿಯಲು ಜಾಗವಿರಲಿಲ್ಲ. ಮಸೀದಿಯ ಗೇಟಿನವರೆಗೂ ಡೊಂಬಯ್ಯ ಹಾಗೆಯೇ ನೆನೆಯುತ್ತಾ, ಹೆಜ್ಜೆಗೆ ಹೆಜ್ಜೆ ಕೂಡಿಸುತ್ತಾ ಬಂದ. ನಿಝಾರನ ಮುಖಕ್ಕೆ ಒಂದು ಹನಿಯೂ ಬೀಳಲಿಲ್ಲ.