ಸಾತಪ್ಪನ ಹೊಲಿಗೆ

ಕೆಂಚವ್ವ ಅರ್ಧ ಹೊಲಿದ ಕೌದಿಯನ್ನು ಸುತ್ತಿ ಜೋಳದ ಚೀಲದ ಹಿಂದೆ ತುರುಕುತ್ತಿದ್ದಳು. ಅದು ಒಳಗೆ ಹೋಗಲೊಲ್ಲದು. ಬಟ್ಟೆಯಲ್ಲೇ ಚುಚ್ಚಿಟ್ಟಿದ್ದ ಸೂಜಿ ಅವಳ ಅಂಗೈಗೆ ನಾಟಿತು.

"ಲಗೂ ಮಾಡ. ಹಳಿಯಾಳದ ಬಸ್ ಬಂತಂತ," ಪಕ್ಕದ ಮನೆಯ ಗೋದುಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. "ನಿಮ್ಮತ್ತಿ ಬರಾಕತ್ತಾರ."

"ಮಾವಶಿ, ಕಾಣತೈತೇನು?"

"ಇಲ್ಲ. ನೀ ಹೊರಗ ಬಾ. ಅಪ್ಪನ ಹಂತೇಕ ಕೂಡು."

ಹೊರಗಿನ ಕೋಣೆಯಲ್ಲಿ ಸಾತಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮೈತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ನಸುಕಿನಲ್ಲಿ ಜೀವ ಹೋಗಿತ್ತು. ಅಂಗಳದಲ್ಲಿ ಶೇಖಪ್ಪ ಮತ್ತು ಅವನ ಜೊತೆಯವರು ಬಿದಿರು ಸೀಳಿ ಹೆಣ ಕೂರಿಸಿ ಹೊರುವ ವಿಮಾನ ಕಟ್ಟುತ್ತಿದ್ದರು. ಎಲ್ಲರೂ ಕಾಗದದ ಮಿಲ್ಲಿನ ಬಿದಿರು ಯಾರ್ಡಿನಲ್ಲಿ ಸಾತಪ್ಪನ ಜೊತೆ ದುಡಿದವರು.

ಕೆಂಚವ್ವ ಅಪ್ಪನ ಪಕ್ಕ ಕೂತಳು. ಅಳಬೇಕೆಂದರೂ ಅಳು ಬರಲಿಲ್ಲ. ಕಣ್ಣು ಅಡುಗೆಮನೆಯ ಕಡೆಗೇ ಹೋಗುತ್ತಿತ್ತು. ಹೊಟ್ಟೆಯಲ್ಲಿ ಕೂಸು ಮಿಸುಕಾಡಿತು. ಇಷ್ಟು ದಿನ ಅತ್ತೆ ಸಿಟ್ಟಾದರೆ ತವರಿಗೆ ಕಳಿಸಿಯಾಳು ಎಂಬ ಹೆದರಿಕೆ ಇತ್ತು. ಇವತ್ತಿನಿಂದ ಕಳಿಸಲು ತವರೂ ಇಲ್ಲ. ಈ ಮನೆಯನ್ನು ಮಿಲ್ಲಿನವರು ಬೇರೆ ಯಾರಿಗೋ ಕೊಡುತ್ತಾರೆ.

*

ದಾಂಡೇಲಿಯಲ್ಲಿ ಮಿಲ್ಲು ಶುರುವಾದ ಹೊಸದರಲ್ಲಿ ಸಾತಪ್ಪ ಹೆಂಡತಿ ದುರ್ಗವ್ವನನ್ನೂ ಮಗಳನ್ನೂ ಕಟ್ಟಿಕೊಂಡು ಬೆಳಗಾವಿ ಕಡೆಯಿಂದ ಬಂದಿದ್ದ. ಕಾಡಿನ ಹವೆ ದುರ್ಗವ್ವನಿಗೆ ಆಗಿಬರಲಿಲ್ಲ. ಚಳಿಜ್ವರ ಬಂದು ಬಂದು ಮರುವರ್ಷವೇ ತೀರಿಕೊಂಡಳು. ಆಗ ಕೆಂಚವ್ವ ಇನ್ನೂ ಸಣ್ಣವಳು. ಆ ಚಳಿಗಾಲದಲ್ಲಿ ಕೆಮ್ಮು ಹತ್ತಿತು. ಯಾವ ಕಂಬಳಿ ಹೊದಿಸಿದರೂ ಒದ್ದು ಅವ್ವನ ಸೀರೆಯನ್ನೇ ಎಳೆದುಕೊಳ್ಳುತ್ತಿದ್ದಳು. ಸೀರೆಯಿಂದ ಚಳಿ ತಡೆಯುವುದಿಲ್ಲ. ಕೆಮ್ಮಿದಾಗಲೆಲ್ಲ ಸಾತಪ್ಪ ಎದ್ದು ಅವಳ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದ. ಹೆಂಡತಿಯ ಉಸಿರನ್ನೂ ಹಾಗೇ ನೋಡಿದ್ದ.

"ಆ ಸೀರಿ ಎಲ್ಲಾ ಕೊಡ್ರಿ, ಕೌದಿ ಹೊಲದ ಕೊಡ್ತೇನಿ," ಎಂದು ಗೋದುಬಾಯಿ ಕೇಳಿದಳು. ಸಾತಪ್ಪ ಹೂಂ ಅಂದ. ಆದರೆ ಸೀರೆಗಳನ್ನು ಬೇರೆಯವರ ಮನೆಗೆ ಕಳಿಸುವುದು ಅವನಿಂದ ಆಗಲಿಲ್ಲ.

ಮಿಲ್ಲಿಗೆ ಸುಟ್ಟಿಯಿದ್ದ ಒಂದು ದಿನ ಅಗಳಿ ಹಾಕಿಕೊಂಡು ಸೀರೆಗಳನ್ನು ಒಂದರ ಮೇಲೊಂದು ಹಾಸಿದ. ಸೂಜಿಗೆ ದಾರ ಪೋಣಿಸಲಿಕ್ಕೇ ಹೊತ್ತು ಹಿಡಿಯಿತು. ಮತ್ತೆ ಮತ್ತೆ ಪೋಣಿಸುವ ತಾಪತ್ರಯ ಬೇಡವೆಂದು ಮಾರುದ್ದ ದಾರ ತೆಗೆದುಕೊಂಡ. ಅದು ನಾಲ್ಕು ಹೊಲಿಗೆ ಹಾಕುವುದರೊಳಗೆ ಗಂಟು ಗಂಟಾಯಿತು. ನಡುವಿನಿಂದ ಶುರುಮಾಡಿದ್ದರಿಂದ ಮೇಲಿನ ಸೀರೆ ಒಂದು ಕಡೆ ಸರಿದು ಕೆಳಗಿನದು ಮುದ್ದೆಯಾಯಿತು. ಸಾಕಾಗಿ ಎದ್ದರೆ ಕೌದಿ ಅವನ ಬೆನ್ನು ಹತ್ತಿತು. ಉಟ್ಟ ಧೋತರವನ್ನೂ ಸೇರಿಸಿ ಹೊಲಿದಿದ್ದ.

ಮೂಲೆಯಲ್ಲಿ ಕೂತಿದ್ದ ಕೆಂಚವ್ವ ನಕ್ಕಳು. ಅವ್ವ ಸತ್ತ ಮೇಲೆ ಅದೇ ಮೊದಲು. ನಗುತ್ತ ಕೆಮ್ಮಿದಳು, ಕೆಮ್ಮುತ್ತ ನಕ್ಕಳು. ಸಾತಪ್ಪ ಎಲ್ಲವನ್ನೂ ಬಿಚ್ಚಿದ.

ಆಮೇಲೆ ತನ್ನ ತಾಯಿಯ ಕಾಲದ ಹಳೇ ಕೌದಿಯನ್ನು ಬೆಳಕಿಗೆ ಹಿಡಿದು, ಹೊಲಿಗೆಯ ಸಾಲಿನ ಮೇಲೆ ಉಗುರು ಆಡಿಸುತ್ತ ಹೋದ. ಶುರುವಾದದ್ದು ಅಂಚಿನ ಮೂಲೆಯಲ್ಲಿ. ಅಲ್ಲಿಂದ ನಾಲ್ಕೂ ಬದಿ ಸುತ್ತಿ, ಸುತ್ತು ಸುತ್ತಾಗಿ ಒಳಗೆ ಹೋಗಿ ನಡುವೆ ಮುಗಿದಿತ್ತು. ಅವನು ಮೂಲೆಗಳ ಮೇಲೆ ಕಲ್ಲು ಹೇರಿದ. ದಾರವನ್ನು ಮೊಳದಷ್ಟೇ ತೆಗೆದುಕೊಂಡ. ಎಡಗೈಯಿಂದ ಬಟ್ಟೆ ಸವರಿ ಸವರಿ, ಬಲಗೈಯಿಂದ ಅಕ್ಕಿಕಾಳಿನಂಥ ಹೊಲಿಗೆ ಹಾಕುವುದನ್ನು ಕಲಿತ. ಹೊರಗೆ ಹೆಜ್ಜೆ ಸಪ್ಪಳವಾದರೆ ಎಲ್ಲವನ್ನೂ ಮುದ್ದೆಮಾಡಿ ಅದರ ಮೇಲೆ ಕೂತುಬಿಡುತ್ತಿದ್ದ. ಯಾರ್ಡಿನವರಿಗೆ ತಿಳಿದರೆ ಸೀರೆ ಉಡಿಸದೆ ಬಿಡುವವರಲ್ಲ.

ಗೋದುಬಾಯಿಗೆ ಗೊತ್ತಾದದ್ದು ಅವನ ಮೀಸೆಗೆ ಅಂಟಿದ್ದ ಕೆಂಪು ದಾರದಿಂದ. ಅವಳು ಯಾರಿಗೂ ಹೇಳಲಿಲ್ಲ.

*

ಮಹಾದೇವಕ್ಕ ಮಗ ಈಶಪ್ಪನ ಹಿಂದೆ ಒಳಗೆ ಬಂದಳು. ಸೊಸೆಯನ್ನು ತಬ್ಬಿ ದೊಡ್ಡ ದನಿಯಲ್ಲಿ ಅತ್ತಳು. ಕಣ್ಣೊರೆಸಿಕೊಂಡು ಸುತ್ತ ನೋಡಿದಳು.

"ಮಂದಿ ಬರೂ ಹೊತ್ತು, ಬರೇ ನೆಲದ ಮ್ಯಾಲೆ ಕುಂತೀರಲ್ಲ. ಹಾಸಾಕ ಏನರ ಐತೇನು?"

"ನಾ ತರ್ತೇನ್ರಿ ಅತ್ತಿ."

"ಬಸುರಿ ನೀ. ಕೂಡು." ಮಹಾದೇವಕ್ಕ ತಾನೇ ಅಡುಗೆಮನೆಗೆ ಹೋದಳು.

ಕೆಂಚವ್ವ ಗೋದುಬಾಯಿಯ ಮುಖ ನೋಡಿದಳು. ಒಳಗೆ ಡಬ್ಬಿ ಸರಿದ ಸಪ್ಪಳ, ಆಮೇಲೆ ಚೀಲ ಎಳೆದ ಸಪ್ಪಳ. ಆಮೇಲೆ ಏನೂ ಕೇಳಿಸಲಿಲ್ಲ.

*

ಹೆಣ್ಣು ನೋಡಲು ಬಂದ ದಿನವೂ ಮಹಾದೇವಕ್ಕ ಹೀಗೇ ಮನೆಯೆಲ್ಲ ಕಣ್ಣಾಡಿಸಿದ್ದಳು. ಸಾತಪ್ಪ ಹೊಲಿದು ಹಾಸಿದ್ದ ಕೌದಿಯ ಮೇಲೆ ಕೂರದೆ ಮೊದಲು ಅದರ ಅಂಚು ಮಗುಚಿ ನೋಡಿದಳು.

"ಯಾರ ಕೈ ಇದು?"

ಸಾತಪ್ಪ ಬಾಯಿ ತೆರೆಯುವ ಮೊದಲೇ ಗೋದುಬಾಯಿ ಗಾಬರಿಯಲ್ಲಿ ಹೇಳಿಬಿಟ್ಟಳು: "ಹುಡುಗಿ ಅವ್ವಂದರಿ. ಸಾಯೂಕಿಂತ ಮೊದಲ ಹೊಲದದ್ದು."

"ಇಂಥಾ ಕೈಯಿನಾಕಿ ಮಗಳು ನಮ್ಮನಿಗೆ ಬರಬೇಕು," ಎಂದಿದ್ದಳು ಮಹಾದೇವಕ್ಕ. ಸಂಬಂಧ ಗಟ್ಟಿಯಾಯಿತು. ಕೌದಿ ಮಗಳ ಜೊತೆ ಹೋಯಿತು. ಬೀಗರು ಭೇಟಿಯಾದಾಗಲೆಲ್ಲ ಮಹಾದೇವಕ್ಕ ಆ ಹೊಲಿಗೆಯನ್ನು ಹೊಗಳುತ್ತಿದ್ದಳು. ಸಾತಪ್ಪ ನೆಲ ನೋಡುತ್ತ ಕೂತಿರುತ್ತಿದ್ದ.

*

ಮಹಾದೇವಕ್ಕ ಕೌದಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಕೂಸಿಗೆ ಆಗುವಷ್ಟು ಸಣ್ಣ ಕೌದಿ. ಸೂಜಿ ದಾರದಲ್ಲಿ ಜೋತಾಡುತ್ತಿತ್ತು.

"ಇದನ್ನ ಯಾರು ಹೊಲಿಯಾಕತ್ತಿದ್ರು?"

"ಅದು ನಂದರಿ ಅಕ್ಕಾರ," ಎಂದಳು ಗೋದುಬಾಯಿ. "ಇಲ್ಲೇ ಮರತು ಹೋಗಿದ್ದೆ."

"ನಿಮ್ಮದ? ಈ ಹಸರ ತುಂಡು ನನ್ನ ಹಳೇ ಸೀರಿ. ಹ್ವಾದ ಪಂಚಮಿಗೆ ನಾನ ಕೆಂಚವ್ವಗ ಕೊಟ್ಟಿದ್ದೆ. ನಿಮ್ಮ ಕಡೆ ಹೆಂಗ ಬಂತು?"

ಗೋದುಬಾಯಿ ಸೆರಗಿನ ತುದಿ ತಿರುವುತ್ತ ನಿಂತಳು. ಮಹಾದೇವಕ್ಕ ಹೊಲಿಗೆಯನ್ನು ಕಣ್ಣಿನ ಹತ್ತಿರ ತಂದಳು. "ನಮ್ಮನ್ಯಾಗಿರೂ ಕೌದಿದೂ ಇದ ಕೈ. ನಿಮ್ಮವ್ವ ಸತ್ತ ಎಷ್ಟು ವರ್ಷ ಆತು, ಕೆಂಚವ್ವ?"

ಅಂಗಳದಲ್ಲಿ ಬಿದಿರು ಸೀಳುವ ಸದ್ದು ನಿಂತಿತು. ಈಶಪ್ಪ ಬಾಗಿಲಿಗೆ ಬಂದ. ಕೆಂಚವ್ವ ಇನ್ನೊಂದು ಸುಳ್ಳು ಹುಡುಕಿದಳು, ಸಿಗಲಿಲ್ಲ. ಪಕ್ಕದಲ್ಲಿ ಅಪ್ಪ ಕೂತಿದ್ದ.

"ಅಪ್ಪಂದರಿ," ಎಂದಳು.

"ಏನು?"

"ಅಪ್ಪ ಹೊಲಿಯಾಕತ್ತಿದ್ದ. ಆ ದೊಡ್ಡ ಕೌದಿನೂ ಅಪ್ಪಂದ. ಅವ್ವಗ ಸೂಜಿ ಹಿಡಿಯಾಕ ಬರತಿದ್ದಿಲ್ಲರಿ. ಅಪ್ಪ ತಾನ ಕಲತ, ನನಗ ಚಳಿ ಆಗತೈತಿ ಅಂತ. ನೀವು ಸಂಬಂಧ ಬ್ಯಾಡ ಅಂದೀರಿ ಅಂತ ಅಂಜಿ ಹೇಳಲಿಲ್ಲ."

ಅಂಗಳದಲ್ಲಿ ಯಾರೋ ಫಕ್ಕನೆ ನಕ್ಕರು. "ನಮ್ಮ ಸಾತಪ್ಪ? ಕೌದಿ?"

"ಯಾವನವಾ ನಗಾಂವ?" ಮಹಾದೇವಕ್ಕನ ದನಿಗೆ ನಗು ಅಡಗಿತು. ಅವಳು ಸೊಸೆಯ ಕಡೆ ತಿರುಗಿದಳು. "ದೀಪಾವಳಿ ಬಂದಾಗೊಮ್ಮೆ ನಿಮ್ಮವ್ವನ ಹೆಸರಿಲೆ ಆ ಕೌದಿಗೆ ಅರಿಷಿಣ ಕುಂಕುಮ ಹಚ್ಚೇನಿ. ನೀ ಎದುರಿಗೇ ನಿಂತಿದ್ದಿ. ಬಾಯಿ ಬಿಡಲಿಲ್ಲ."

"ತಪ್ಪಾತ್ರಿ ಅತ್ತಿ."

"ಈ ಬೀಗರ ಎದುರಿಗೆ ಕುಂತು ಎಷ್ಟು ಸಲ ಆ ಹೊಲಿಗಿ ಹೊಗಳೇನಿ. ಒಮ್ಮೆರ ನಂದು ಅನ್ನಬಾರದಾಗಿತ್ತ? ಒಂದ ಸಲ?"

ಈ ಮಾತು ತನಗೋ ಅಪ್ಪನಿಗೋ ಕೆಂಚವ್ವನಿಗೆ ತಿಳಿಯಲಿಲ್ಲ. ಆಗ ಅವಳಿಗೆ ಅಳು ಬಂತು. ತಡೆಯಲಾಗದಂತೆ, ಬಿಕ್ಕಿ ಬಿಕ್ಕಿ ಬಂತು. ಮಹಾದೇವಕ್ಕ ಸುಮ್ಮನಾಗಿಸಲಿಲ್ಲ. ಕೌದಿಯನ್ನು ಅವಳ ಮಡಿಲಲ್ಲಿಟ್ಟು ಗೋಡೆಗೆ ಆನಿ ಕೂತಳು.

ಅಯ್ಯನವರು ಬಂದು ಪೂಜೆ ಮುಗಿಸಿದರು. ಶೇಖಪ್ಪ ಮತ್ತು ಇನ್ನಿಬ್ಬರು ಸಾತಪ್ಪನನ್ನು ಎತ್ತಲು ಬಗ್ಗಿದರು.

"ತಡೀರಿ," ಎಂದಳು ಮಹಾದೇವಕ್ಕ.

ಅವಳು ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಂಡಿನ ತಾಯಿ ಹೆಣ್ಣು ಕೊಟ್ಟವರಿಗೆ ಬಾಗಿದ್ದನ್ನು ಆ ಸಾಲುಮನೆಗಳಲ್ಲಿ ಯಾರೂ ಕಂಡಿರಲಿಲ್ಲ. ಈಶಪ್ಪ "ಅವ್ವಾ" ಎಂದು ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ. ಮಹಾದೇವಕ್ಕ ನೋಯುವ ಮೊಣಕಾಲನ್ನು ಮೆಲ್ಲಗೆ ಊರಿ ಕೂತು, ಮಡಚಿದ್ದ ಸಾತಪ್ಪನ ಕಾಲಿಗೆ ಹಣೆ ಹಚ್ಚಿದಳು. ಎದ್ದಾಗ ಅವಳ ಹಣೆ, ಮೂಗು, ನರೆತ ಕೂದಲು ಎಲ್ಲ ಅವನ ಮೈಯ ವಿಭೂತಿಯಿಂದ ಬೆಳ್ಳಗಾಗಿತ್ತು. ಒರೆಸಿಕೊಳ್ಳದೆ ಅವಳು ಹೊರುವವರಿಗೆ ದಾರಿ ಬಿಟ್ಟು ನಿಂತಳು.