ಬಾರದ ಯುಗಾದಿಯ ಪದ್ಯ

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ಬರೆಯುವವರಿಗೆ ಎಂದೂ ಬರ ಬಂದದ್ದಿಲ್ಲ. ಓದುವವರ ಸುದ್ದಿ ಎತ್ತದಿರುವುದು ಒಳ್ಳೆಯದು. ನಿವೃತ್ತಿಯ ದಿನ ಹೊದಿಸಿದ ಶಾಲಿನ ಮಡಿಕೆ ಇನ್ನೂ ಹೋಗಿರುವುದಿಲ್ಲ, ಮೇಷ್ಟರು ಆಗಲೇ ವೀರಗಲ್ಲುಗಳ ಮೇಲೆ ಎರಡು ಲೇಖನ ಮುಗಿಸಿರುತ್ತಾರೆ. ಬ್ಯಾಂಕಿನವರು ಚುಟುಕಕ್ಕೆ ಇಳಿಯುತ್ತಾರೆ, ಸರ್ವೆಯವರು ಅಧ್ಯಾತ್ಮಕ್ಕೆ ಏರುತ್ತಾರೆ. ಇವರೆಲ್ಲ ಸೇರಿ ಕಟ್ಟಿಕೊಂಡದ್ದು ‘ಅವಳಿ ತಾಲ್ಲೂಕು ಬರಹಗಾರರ ಬಳಗ’. ಬಳಗದ ಮುಖ್ಯ ಕೆಲಸ ಆಹ್ವಾನ ಪತ್ರಿಕೆ ಅಚ್ಚು ಹಾಕಿಸುವುದು. ಪತ್ರಿಕೆಗೊಂದು ನೆಪ ಬೇಕಲ್ಲ ಎಂದು ನಡುನಡುವೆ ಕಾರ್ಯಕ್ರಮವನ್ನೂ ಮಾಡುತ್ತಾರೆ. ಯಾರ ಹೆಸರು ‘ಘನ ಉಪಸ್ಥಿತಿ’ಯಲ್ಲಿ, ಯಾರದು ಬರಿಯ ‘ಉಪಸ್ಥಿತಿ’ಯಲ್ಲಿ, ಯಾರದು ಕೆಳಗೆ ‘ಸರ್ವರಿಗೂ ಸ್ವಾಗತ’ದ ಪಕ್ಕದಲ್ಲಿ ಎಂಬುದರ ಮೇಲೆ ಇಲ್ಲಿನ ಸಾಹಿತ್ಯ ಚರಿತ್ರೆ ತೀರ್ಮಾನವಾಗುತ್ತದೆ.

ಇದೆಲ್ಲ ಗೊತ್ತಿದ್ದೂ ಶಶಿರೇಖಾ ಅವರ ಸಹವಾಸಕ್ಕೆ ಬಿದ್ದಳು.

ಅವಳು ಶಿಕಾರಿಪುರದ ಎಪಿಎಂಸಿ ಎದುರು, ಗೊಬ್ಬರದಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಇಟ್ಟುಕೊಂಡು ವರ್ತಕರಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಡುವವಳು. ಅದು ಹೊಟ್ಟೆಪಾಡು. ಪ್ರೀತಿ ಇದ್ದದ್ದು ‘ಸರದಿ’ ಎಂಬ ಆ್ಯಪಿನ ಮೇಲೆ. ಅವಳೊಬ್ಬಳೇ ಕಟ್ಟಿದ್ದು, ಅವಳೊಬ್ಬಳೇ ನಡೆಸುವುದು. ಕೆಲಸ ಸರಳ. ಬ್ಲಾಗುಗಳು, ಜಾಲತಾಣಗಳು ತಾವು ಹೊಸದೇನು ಬರೆದೆವೆಂದು ಯಂತ್ರಕ್ಕೆ ತಿಳಿಯುವಂತೆ ಒಂದು ಪಟ್ಟಿ ಹೊರಗಿಟ್ಟಿರುತ್ತವೆ. ಅದಕ್ಕೆ ಆರ್‌ಎಸ್‌ಎಸ್ ಫೀಡ್ ಎನ್ನುತ್ತಾರೆ. ಆ ಹೆಸರು ಹೇಳಿದರೆ ಊರಿನಲ್ಲಿ ಚರ್ಚೆ ಬೇರೆ ಕಡೆಗೇ ಹೋಗುತ್ತಿದ್ದುದರಿಂದ ಅವಳು ‘ಪಟ್ಟಿ’ ಎಂದಷ್ಟೇ ಹೇಳುತ್ತಿದ್ದಳು. ಸರದಿ ಆ ಪಟ್ಟಿಗಳನ್ನೆಲ್ಲ ಆಗಾಗ ನೋಡಿಕೊಂಡು ಬಂದು, ಓದುಗರು ಆರಿಸಿಕೊಂಡವರ ಬರಹಗಳನ್ನು ಒಂದೇ ಕಡೆ ಜೋಡಿಸುತ್ತದೆ. ಹೊಸದು ಮೇಲೆ, ಹಳೆಯದು ಕೆಳಗೆ. ಮೆಚ್ಚುಗೆಯ ಬಟನ್ ಇಲ್ಲ, ಜಾಹೀರಾತಿಲ್ಲ, ‘ನಿಮಗೆ ಇದೂ ಇಷ್ಟವಾಗಬಹುದು’ ಎಂಬ ಅಧಿಕಪ್ರಸಂಗವಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಊರಿನಲ್ಲಿ ಕುಳಿತು, ಯಾರೂ ಟವೆಲ್ ಹಾಕಲಾಗದ ಒಂದೇ ಒಂದು ಜಾಗ ಮಾಡಿದ್ದೇನೆ ಎಂಬುದು ಅವಳ ಗರ್ವ.

ಓದುಗರಿಗೆ ನಮ್ಮ ಕಡೆಯ ಬರಹವೂ ಸಿಗಲಿ ಎಂದು ಬಳಗದವರಿಗೆಲ್ಲ ಬ್ಲಾಗು ಮಾಡಿಕೊಟ್ಟವಳೂ ಅವಳೇ. ಶುರುವಾದ ದಿನವೇ ಉಚ್ಚಂಗಪ್ಪನವರು ತಕರಾರು ತೆಗೆದರು. ಉಚ್ಚಂಗಪ್ಪನವರೆಂದರೆ ನಿವೃತ್ತ ಪ್ರಾಂಶುಪಾಲರು, ಬಳಗದ ಗೌರವಾಧ್ಯಕ್ಷರು, ಪಂಚಾಂಗ ನೋಡದೆ ಕನ್ನಡಕವನ್ನೂ ಬದಲಿಸದವರು.

“ಶಶಿ ತಾಯಿ, ಇದು ಒತ್ತಿದ ಕೂಡ್ಲೇ ಇವತ್ತಿನ ತಾರೀಕು ಹಾಕ್ಕೊಂತದಲ್ಲ?”

“ಹೌದು ಸರ್. ಇವತ್ತು ಹಾಕಿದ್ರೆ ಇವತ್ತಿಂದೇ.”

“ಇವತ್ತು ಅಮಾಸೆ.”

“ನಾಳೆ ಹಾಕಿ ಸರ್.”

“ನಾಳೆ ನಮ್ಮ ಅಳಿಯ ಊರಿಗೆ ಹೋಗ್ತಾನೆ. ಒತ್ತೋನು ಅವ್ನೇ. ಒತ್ತೋದು ಇವತ್ತೇ ಒತ್ಲಿ, ತಾರೀಕು ಮಾತ್ರ ನಾಡಿದ್ದು ಬಿದಿಗೆದು ಬೀಳ್ಲಿ. ಲಗ್ನಪತ್ರಿಕೆ ಮೊದ್ಲೇ ಹಂಚಿದ್ರೂ ಮುಹೂರ್ತ ಮುಂದೆ ಇರಲ್ಲೇನು?”

ಈ ತರ್ಕಕ್ಕೆ ಸೋತಳೋ, ಅಳಿಯನ ಮೇಲೆ ಕನಿಕರವೋ, ಬ್ಲಾಗಿನಲ್ಲಿ ತಾರೀಕಿಗೆ ಒಂದು ಖಾಲಿ ಚೌಕ ಇಟ್ಟುಕೊಟ್ಟಳು. ಬರೆದವರು ತಮಗೆ ಬೇಕಾದ ದಿನ ತುಂಬಬಹುದು. ಸರದಿಯೋ, ಬರಹದ ಹಣೆಯ ಮೇಲೆ ಏನು ತಾರೀಕಿದೆಯೋ ಅದನ್ನೇ ನಂಬುತ್ತಿತ್ತು. ಸಭ್ಯರ ಲೋಕವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ್ಯಪ್ ಅದು.

ಹೀಗಾಗಿ ಅಮಾವಾಸ್ಯೆಯ ದಿನ ಹಾಕಿದ ಬಿದಿಗೆಯ ಲೇಖನ, ಬಿದಿಗೆ ಬರುವವರೆಗೂ ಎಲ್ಲರ ತಲೆಯ ಮೇಲೆ ಕುಳಿತಿತ್ತು. ಉಚ್ಚಂಗಪ್ಪನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ತಾವು ಮೇಲಿರುವುದು ಅವರ ಮಟ್ಟಿಗೆ ನೀರು ತಗ್ಗಿಗೆ ಹರಿಯುವಷ್ಟೇ ಸಹಜ. ಆಶ್ಚರ್ಯವಾದದ್ದು ಸೊರಬದ ಕವಿ ಶಿವರಾಮರಿಗೆ. ಫೋನು ಮಾಡಿದರು.

“ಎಂತದು ಮಾರಾಯ್ತಿ, ಉಚ್ಚಂಗಪ್ಪನೋರದ್ದು ನಿನ್ನೆಯಿಂದ ತುದಿಯಲ್ಲೇ ಕೂತಿದೆ. ಅವರಿಗೆ ಘನ ಉಪಸ್ಥಿತಿ, ನಮಗೆ ಬರೀ ಉಪಸ್ಥಿತಿಯಾ?”

“ಹಾಗೇನಿಲ್ಲ ಸರ್. ಅವ್ರು ಮುಂದಿನ ತಾರೀಕು ಹಾಕಿದಾರೆ, ಅಷ್ಟೇ.”

ಆ ‘ಅಷ್ಟೇ’ಯನ್ನು ನೆನೆದು ಅವಳು ಆಮೇಲೆ ಬಹಳ ದಿನ ಹಲ್ಲು ಕಡಿದಳು. ಸಂಜೆಯೊಳಗೆ ಶಿವರಾಮರ ಪದ್ಯವೊಂದು ಬರಲಿರುವ ದಸರೆಯ ತಾರೀಕು ಹೊತ್ತು ಮೇಲೆ ಬಂತು. ಉಚ್ಚಂಗಪ್ಪನವರು ಒತ್ತುವುದನ್ನು ತಾವೇ ಕಲಿತು ದೀಪಾವಳಿಗೆ ಹಾರಿದರು. ಚುಟುಕದ ಬ್ಯಾಂಕಿನವರೊಬ್ಬರು ಸಂಕ್ರಾಂತಿ ಹಿಡಿದರು. ಮುಂದಿನ ವರ್ಷದ ಪಂಚಾಂಗ ಇನ್ನೂ ಅಚ್ಚಿಗೆ ಹೋಗಿರಲಿಲ್ಲ, ಬಳಗ ಅದರ ಹಬ್ಬಗಳನ್ನೆಲ್ಲ ಆಚರಿಸಿ ಮುಗಿಸಿತ್ತು. ಕಡೆಗೆ ಶಿವರಾಮರು ಹತ್ತು ವರ್ಷದಾಚೆಯ ಯುಗಾದಿಗೆ ಒಂದು ಪದ್ಯ ಕಟ್ಟಿ ಹಾಕಿದರು. ಹೇಗೆ ಕೂಗಬೇಕೆಂದು ಕೋಗಿಲೆಗೆ ಆರು ನುಡಿಗಳಲ್ಲಿ ತಿಳಿಹೇಳುವ ಪದ್ಯ. ಯುಗಾದಿ ಬರುವವರೆಗೆ ಅದು ಅಲ್ಲಾಡುವಂತಿರಲಿಲ್ಲ.

ಶಿರಾಳಕೊಪ್ಪದಿಂದ ರೋಜಾ ಎಂಬವರ ಮೇಲ್ ಬಂತು. “ಮೇಡಂ, ನಾನು ಟೈಲರಿಂಗ್ ಮಾಡ್ತೀನಿ. ಚಾ ಕುಡಿಯೋವಾಗ ನಿಮ್ಮ ಆ್ಯಪ್ ಓದ್ತೀನಿ. ಈಗ ಯಾವಾಗ ತೆಗೆದ್ರೂ ಕೋಗಿಲೆ. ಕುಬಟೂರಿನ ತೃಪ್ತಿ ಅವರು ಬರೆಯೋದು ನಿಲ್ಲಿಸಿದ್ರಾ?”

ತೃಪ್ತಿ ನಿಲ್ಲಿಸಿರಲಿಲ್ಲ. ಬಳಗದಲ್ಲಿ ದನ ಕರು, ಹೊಲಗದ್ದೆಯ ವಿಷಯ ತಿಳಿದು ಬರೆಯುವ ಒಬ್ಬಳೇ ಒಬ್ಬಳು ಅವಳು. ಹಸುಗಳಿಗೆ ಹತ್ತಿ ರಕ್ತ ಹೀರುವ ಉಣ್ಣೆಯ ಮೇಲೆ ಎರಡು ಕಂತು ಬರೆದಿದ್ದಳು. ಎರಡೂ ಬರಲಿರುವ ಹಬ್ಬಗಳ ಕೆಳಗೆ ಹೂತುಹೋಗಿದ್ದವು. ಶಶಿರೇಖಾಗೆ ಮುಖಕ್ಕೆ ಹೊಡೆದಂತಾಯಿತು. ಊರವರು ಟವೆಲ್ ಹಾಕಿದ್ದಷ್ಟೇ ಅಲ್ಲ, ಟವೆಲ್ ನೇಯ್ದುಕೊಟ್ಟವಳು ತಾನೇ.

ಸರಿಪಡಿಸಲು ಒಂದು ಬೆಳಗು ಸಾಕಾಯಿತು. ಹಣೆಯ ಮೇಲಿನ ತಾರೀಕನ್ನು ಸರದಿ ಇನ್ನು ನಂಬುವುದಿಲ್ಲ. ಬರಹ ಮೊದಲು ಯಾವಾಗ ಬಾಗಿಲಿಗೆ ಬಂತೋ ಅದೇ ಅದರ ಹೊತ್ತು. ಯುಗಾದಿ, ಸಂಕ್ರಾಂತಿ, ದೀಪಾವಳಿ ಎಲ್ಲ ದಡದಡ ಕೆಳಗಿಳಿದು ತಮ್ಮ ತಮ್ಮ ಜಾಗ ಸೇರಿದವು. ಹನ್ನೆರಡಾಗುವುದರೊಳಗೆ ಬಳಗದ ಕಾರ್ಯದರ್ಶಿ ಸಂಗಮೇಶ್ ಫೋನು ಮಾಡಿದ.

“ಮೇಡಂ, ಹಿರಿಯರಿಗೆ ಭಾಳ ನೋವಾಗೈತ್ರೀ. ಉಚ್ಚಂಗಪ್ಪ ಸರ್ ಊಟ ಬಿಟ್ಟಾರೆ.”

“ಬೆಳಿಗ್ಗೆ ಹನ್ನೊಂದಕ್ಕೆ ಬದಲಾಯಿಸಿದ್ದು ಸಂಗಮೇಶ್. ಅಷ್ಟರೊಳಗೆ ಯಾವ ಊಟ ಬಿಟ್ರು?”

“ಬಿಡ್ತೀನಿ ಅಂದಾರ್ರೀ. ಭಾನುವಾರ ಸೊರಬದಲ್ಲಿ ಸಭೆ ಕರ್ದೀವಿ, ನೀವು ಬರಬೇಕು. ಹಿರಿಯರಿಗೆ ಮ್ಯಾಲೆ ಒಂದು ಸಾಲು ಮಾಡಿಕೊಟ್ರೆ ಮುಗೀತು. ಇಲ್ಲಾಂದ್ರೆ ಬಳಗದ ಬ್ಲಾಗೆಲ್ಲ ಒಟ್ಟಿಗೆ ಹೊರಗೆ ಹೋಗ್ತಾವು.”

ಬೆದರಿಕೆ ಪೊಳ್ಳಾಗಿರಲಿಲ್ಲ. ಬ್ಲಾಗುಗಳೆಲ್ಲ ಬಳಗದ ಹೆಸರಿನಲ್ಲಿದ್ದವು, ತೃಪ್ತಿಯದೂ ಸೇರಿ. ಅವು ಹೋದರೆ ಸರದಿಯಲ್ಲಿ ಉಳಿಯುವುದು ಬೇರೆ ಯಾವ ಆ್ಯಪಿನಲ್ಲೂ ಸಿಗುವ ದೂರದೂರಿನ ಬರಹ. ಈ ನೆಲದ್ದೆಂದು ಏನೂ ಇರುವುದಿಲ್ಲ. ಸಾಲು ಮಾಡಿಕೊಟ್ಟರೆ ಬ್ಲಾಗು ಉಳಿಯುತ್ತವೆ, ಆದರೆ ಸರದಿ ಎಂಬ ಹೆಸರನ್ನು ತೆಗೆದುಹಾಕಬೇಕಾಗುತ್ತದೆ. ಶಶಿರೇಖಾ ಎರಡು ದಿನ ಇದನ್ನು ಅತ್ತಿತ್ತ ತಿರುವಿಹಾಕಿದಳು. ಶನಿವಾರ ಕೂತು ‘ಹಿರಿಯರ ಸಾಲು’ ಮಾಡಿಯೇಬಿಟ್ಟಳು. ಮೇಲ್ಗಡೆ ಶಾಲು ಹೊದ್ದ ಮೂರು ಭಾವಚಿತ್ರಕ್ಕೆ ಜಾಗ, ಅವುಗಳ ಅಡಿಯಲ್ಲಿ ಸಣ್ಣಕ್ಷರದಲ್ಲಿ ಉಳಿದ ಪ್ರಪಂಚ. ಅಚ್ಚುಕಟ್ಟಾಗಿಯೇ ಇತ್ತು, ಸರ್ಕಲ್ಲಿನಲ್ಲಿ ಕಟ್ಟುವ ಹುಟ್ಟುಹಬ್ಬದ ಫ್ಲೆಕ್ಸಿನ ಹಾಗೆ. ಒಂದು ಗುಂಡಿ ಒತ್ತಿದರೆ ಎಲ್ಲರಿಗೂ ಕಾಣುವಂತೆ ಸಿದ್ಧ ಮಾಡಿಟ್ಟು, ಭಾನುವಾರ ಸೊರಬದ ಬಸ್ಸು ಹತ್ತಿದಳು.

ಸಭೆಯ ಮೊದಲ ಭಾಗ ಕುರ್ಚಿಗಳದ್ದಾಯಿತು. ಕೈ ಇರುವ ಕುರ್ಚಿ ಎರಡೇ ಇದ್ದವು, ಹಿರಿಯರು ಮೂವರು: ಉಚ್ಚಂಗಪ್ಪನವರು, ಶಿವರಾಮರು, ಬ್ಯಾಂಕಿನವರು. ಸಂಗಮೇಶ್ ಮೇಜನ್ನು ಹಿಂದೆ ಸರಿಸಿ, ಮುಂದೆ ತಂದು, ಕೊನೆಗೆ ಮೂವರನ್ನೂ ಬೆಂಚಿನ ಮೇಲೆ ಕೂರಿಸಿದ. ಅಲ್ಲಿಗೆ ಮೂವರಿಗೂ ಸಮಾನವಾಗಿ ಅವಮಾನವಾಯಿತು.

“ಬಂದ ಹಾಗೆ ತೋರಿಸೋದೇ ಆ್ಯಪಿನ ಕೆಲಸ ಸರ್,” ಎಂದು ಶಶಿರೇಖಾ ಶುರುಮಾಡಿದಳು. “ಯಾರ್ದೂ ಮೇಲಲ್ಲ, ಯಾರ್ದೂ ಕೆಳಗಲ್ಲ.”

“ಸರದಿ ಅನ್ನೋದು ನ್ಯಾಯಬೆಲೆ ಅಂಗಡಿಗೆ ತಾಯಿ,” ಎಂದರು ಉಚ್ಚಂಗಪ್ಪನವರು. “ಸಾಹಿತ್ಯಕ್ಕೆ ತಾರತಮ್ಯ ಬೇಕು. ನನ್ನ ಶಾಸನದ ಲೇಖನದ ಮ್ಯಾಲೆ ಎಪಿಎಂಸಿಯ ಮೆಕ್ಕೆಜೋಳದ ಧಾರಣೆ ಕೂತ್ರೆ ನೋಡೋರು ಏನಂದಾರು?”

“ಧಾರಣೆ ಅಂತಾರೆ,” ಎಂದಳು ಹಿಂದಿನ ಸಾಲಿನಿಂದ ತೃಪ್ತಿ.

ಶಶಿರೇಖಾ ಫೋನು ತೆಗೆದು ಮೇಜಿನ ಮೇಲಿಟ್ಟಳು. “ಹಿರಿಯರ ಸಾಲು ಅಂತ ಮಾಡಿಟ್ಟಿದೀನಿ. ಮೂರು ಹೆಸರಿಗೆ ಜಾಗ ಇದೆ. ಎಡದಿಂದ ಬಲಕ್ಕೆ ಯಾರ್ಯಾರು ಅಂತ ಹೇಳಿ, ಈಗ್ಲೇ ಹಾಕ್ತೀನಿ.”

ಇದು ಔದಾರ್ಯವಾಗಿತ್ತೇ ಹೊರತು ಉಪಾಯವಲ್ಲ. ಅವಳು ನಿಜಕ್ಕೂ ಸೋಲಲು ಬಂದಿದ್ದಳು. ಆದರೆ ‘ಎಡದಿಂದ’ ಎಂಬ ಮಾತು ಬಿದ್ದ ಕೂಡಲೆ ಮೂವರ ಬೆನ್ನೂ ನೆಟ್ಟಗಾಯಿತು. ವಯಸ್ಸಿನ ಪ್ರಕಾರ ಎಂದರು ಉಚ್ಚಂಗಪ್ಪನವರು. ಪ್ರಕಟವಾದ ಪುಸ್ತಕದ ಪ್ರಕಾರ ಎಂದರು ಶಿವರಾಮರು. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದನ್ನು ಬಿಟ್ಟು ಎಣಿಸಬೇಕು ಎಂದರು ಬ್ಯಾಂಕಿನವರು. ಅದಾದ ಮೇಲೆ ಸ್ವಲ್ಪ ಹೊತ್ತು ಯಾರ ಮಾತು ಯಾರದೆಂದು ತಿಳಿಯಲಿಲ್ಲ.

ಗದ್ದಲ ತಗ್ಗಿದಾಗ ತೃಪ್ತಿ ಕೇಳಿದಳು: “ನಂದೊಂದು ಪ್ರಶ್ನೆ. ಉಣ್ಣೆ ಮೇಲೆ ಎರಡು ಕಂತು ಬರೆದಿದ್ದೆ. ಇಲ್ಲಿ ಯಾರಾದ್ರೂ ಓದಿದ್ರಾ? ಅದು ಬೇಡ, ಶಿವರಾಮ ಸರ್ ಪದ್ಯ ಉಚ್ಚಂಗಪ್ಪ ಸರ್ ಓದಿದಾರಾ? ಅವರ ಶಾಸನ ಇವರು?”

ಪ್ರಶ್ನೆಯೇ ಹಿರಿಯರಿಗೆ ಅರ್ಥವಾಗಲಿಲ್ಲ. ಕಡೆಗೆ ಶಿವರಾಮರು, ಮಗುವಿಗೆ ಹೇಳುವಂತೆ ಹೇಳಿದರು:

“ನಾವು ಬರೆಯೋರು ಮಾರಾಯ್ತಿ. ಓದೋರು ಬೇರೆ ಇರ್ತಾರೆ.”

ಆ ಮಾತು ಕೇಳಿದ ಮೇಲೆ ಶಶಿರೇಖಾಗೆ ಎರಡು ದಿನ ತಾನು ಹೆದರಿದ್ದು ಯಾರಿಗೆ ಎಂದು ನೆನೆದೇ ನಾಚಿಕೆಯಾಯಿತು. ಓದುವವರು ಬೇರೆ ಇದ್ದರು, ನಿಜ. ಅವರಲ್ಲೊಬ್ಬರು ಶಿರಾಳಕೊಪ್ಪದಲ್ಲಿ ರವಿಕೆಗೆ ಕೊಕ್ಕೆ ಹಾಕುತ್ತ ಚಾ ತಣ್ಣಗಾಗಿಸಿಕೊಂಡು ಕೂತಿದ್ದರು. ಅವಳು ಫೋನು ಎತ್ತಿಕೊಂಡು ಹಿರಿಯರ ಸಾಲನ್ನು ಅಲ್ಲೇ ಅಳಿಸಿಹಾಕಿದಳು.

“ಸಾಲು ಇರಲ್ಲ ಸರ್. ಇರೋರು ಇರಿ, ಹೋಗೋರು ಹೋಗಬಹುದು.”

“ನನ್ನ ಬ್ಲಾಗು ಬಳಗದ ಹೆಸರಿಂದ ಬಿಡಿಸಿಕೊಡಿ ಮೇಡಂ, ನಾನಿರ್ತೀನಿ,” ಎಂದು ತೃಪ್ತಿ ಚೀಲ ಹೆಗಲಿಗೇರಿಸಿದಳು. “ಆನವಟ್ಟಿ ಬಸ್ಸಿಗೆ ಹೊತ್ತಾಯ್ತು.”

ಅವರಿಬ್ಬರೂ ಹೊರಬಿದ್ದ ಮೇಲೆ ಸರದಿಯನ್ನು ಬಹಿಷ್ಕರಿಸುವ ನಿರ್ಣಯ ಪಾಸಾಯಿತು. ಬಳಗದ ಚರಿತ್ರೆಯಲ್ಲಿ ಸರ್ವಾನುಮತದಿಂದ ಆದ ನಿರ್ಣಯ ಅದೊಂದೇ ಎಂದು ಸಂಗಮೇಶ್ ಆಮೇಲೆ ಹೆಮ್ಮೆಯಿಂದ ಹೇಳಿಕೊಂಡ.

ಸೋಮವಾರ ಬೆಳಿಗ್ಗೆ ಶಶಿರೇಖಾ ಖಾಲಿ ಮನೆ ನೋಡುವ ಎದೆಗುದಿಯಲ್ಲಿ ಆ್ಯಪ್ ತೆರೆದಳು. ಒಂದು ಬ್ಲಾಗೂ ಹೋಗಿರಲಿಲ್ಲ. ಬದಲಿಗೆ ಉಚ್ಚಂಗಪ್ಪನವರ ಬ್ಲಾಗಿನಿಂದ ‘ಬಹಿಷ್ಕಾರದ ಹೇಳಿಕೆ’ ಬಂದಿತ್ತು, ತಕ್ಕ ಗಳಿಗೆ ನೋಡಿ. ಅದರಲ್ಲಿ ತಮ್ಮ ಸಹಿ ಎರಡನೆಯದಾಯಿತೆಂದು ಶಿವರಾಮರು ಬೇರೆಯೇ ಹೇಳಿಕೆ ಹಾಕಿದರು. ಬ್ಯಾಂಕಿನವರು ಬಹಿಷ್ಕಾರವನ್ನು ಚುಟುಕದಲ್ಲಿ ಮಾಡಿದರು. ಸರದಿ ಎಲ್ಲವನ್ನೂ ಬಂದ ಹಾಗೆ ತೆಗೆದುಕೊಂಡಿತು, ಮೆಕ್ಕೆಜೋಳದ ಧಾರಣೆ ಬಂದಾಗ ಅದನ್ನೂ ಮೇಲಿಟ್ಟಿತು. ಆಮೇಲೆ ಇನ್ನೇನೇನೋ ಬಂದವು. ಸಂಜೆಯ ಹೊತ್ತಿಗೆ ಮೊದಲ ಹೇಳಿಕೆ ಬೆರಳಿಗೆ ಸುಲಭಕ್ಕೆ ಸಿಗದಷ್ಟು ಕೆಳಗೆ ಹೋಗಿತ್ತು. ಉಚ್ಚಂಗಪ್ಪನವರ ಫೋನು ಬಂತು.

“ತಾಯಿ, ನಮ್ಮ ಹೇಳಿಕೆ ಕಾಣ್ತಾ ಇಲ್ಲ. ಸ್ವಲ್ಪ ಮ್ಯಾಲೆ ಹಾಕು.”

“ಸರ್, ಬಹಿಷ್ಕಾರ ಅಂದ್ರೆ ನೀವು ಇಲ್ಲಿ ಇರಬಾರ್ದು.”

“ನಾ ಯಾಕಿರ್ಲಿ? ಇರಲ್ಲ. ಆದ್ರೆ ಇಲ್ಲ ಅನ್ನೋದು ಜನಕ್ಕೆ ಕಾಣಬೇಕಲ್ಲ.”

“ಕಾಣತ್ತೆ ಸರ್. ಕೆಳಗೆ ಸರಿಸ್ತಾ ಹೋಗಿ, ಅಲ್ಲೇ ಇದೆ.”

ಅವರು ಸರಿಸತೊಡಗಿದ್ದು ಏದುಸಿರಿನಲ್ಲಿ ಕೇಳಿಸುತ್ತಿತ್ತು. “ನಡುವೆ ಯಾರ್ಯಾರ್ದೋ ಬರ್ತದೆ. ದನದ್ದು, ಜೋಳದ್ದು... ಇವ್ನೆಲ್ಲ ದಾಟ್ಕೊಂಡು ಹೋಗಬೇಕೇನು?”

“ಓದ್ಕೊಂಡೂ ಹೋಗಬಹುದು ಸರ್.”

“ಓದ್ಕೊಂಡು?” ಎಂದರು ಉಚ್ಚಂಗಪ್ಪನವರು, ತಪ್ಪು ಕೇಳಿಸಿತೇನೋ ಎಂಬಂತೆ. ಇಂಥದ್ದೊಂದು ಸಲಹೆಯನ್ನು ಅವರಿಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ.